ಎದುರಾಳಿ ಮನೆಗೆ ಬಂದ ಮೇಲೆ

ಕಬಡ್ಡಿಯಲ್ಲಿ ಕಾರ್ನರ್ ಆಡುವವರು ರೇಡರ್‌ನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಕಾಲೇಜಿನಲ್ಲಿ ನಾನು ಎಡ ಕಾರ್ನರ್, ಅವಳು ಎದುರು ತಂಡದ ರೇಡರ್. ಬೋನಸ್ ಗೆರೆಗೆ ಕಾಲು ಚಾಚುವ ಮುಂಚೆ ಅವಳ ಬಲ ಹಿಮ್ಮಡಿ ಒಂಚೂರು ಮೇಲೇಳುತ್ತಿತ್ತು. ನನಗೆ ಅಷ್ಟು ಸಾಕಿತ್ತು, ಪಾದ ಹಿಡಿದುಬಿಡುತ್ತಿದ್ದೆ. ಸಿಕ್ಕಿಬಿದ್ದಾಗ ಬೈಯುವಳು, ಬಿಡಿಸಿಕೊಂಡು ಮಧ್ಯಗೆರೆ ಮುಟ್ಟಿದರೆ ನನ್ನ ಕಡೆಗೇ ತಿರುಗಿ ತೊಡೆ ತಟ್ಟುವಳು.

ಕೋಚಿಂಗ್ ಕ್ಯಾಂಪೊಂದರಲ್ಲಿ ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತು. ಜಗಳ ಸ್ನೇಹವಾಯಿತು, ಸ್ನೇಹ ಅಲ್ಲಿಗೇ ನಿಲ್ಲಲಿಲ್ಲ. ಆಯ್ಕೆ ಪಟ್ಟಿ ಬಂದಾಗ ಅವಳ ಹೆಸರಿತ್ತು, ನನ್ನದಿರಲಿಲ್ಲ. ಅವಳು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಹಿಡಿದು ಹುಬ್ಬಳ್ಳಿಗೆ ಹೋದಳು, ನಾನು ಹೈಸ್ಕೂಲಿಗೆ ಪಿ.ಟಿ. ಟೀಚರ್ ಆದೆ. ಹೊಟ್ಟೆಕಿಚ್ಚಿಗೆ ಮಾತು ಬಿಟ್ಟೆನೆಂದು ಅವಳು ಅಂದುಕೊಂಡಳು, ಗೆದ್ದವಳಿಗೆ ನಾನೀಗ ಬೇಡವೆಂದು ನಾನು. ಎರಡೂ ಸುಳ್ಳು. ಇಬ್ಬರಿಗೂ ಇದ್ದದ್ದು ಭಯ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಇನ್ನೂ ಜಾರಿಯಲ್ಲಿತ್ತು, ಆದರೆ ನಮ್ಮನ್ನು ಹೆದರಿಸಿದ್ದು ಕಾನೂನಿಗಿಂತ ಮನೆಯಲ್ಲಿ ಶುರುವಾಗಿದ್ದ ವರಾನ್ವೇಷಣೆ.

ಮತ್ತೆ ಸಿಕ್ಕಿದ್ದು 2019ರ ಮೈಸೂರು ದಸರಾ ಕ್ರೀಡಾಕೂಟದಲ್ಲಿ. ಅಷ್ಟರಲ್ಲಿ ನಮ್ಮಂಥ ಸಂಬಂಧ ಅಪರಾಧವಲ್ಲವೆಂಬ ಸುಪ್ರೀಂ ಕೋರ್ಟಿನ 2018ರ ತೀರ್ಪು ಬಂದಿತ್ತು. ಒಂದೇ ಅಂಕಣದ ಆಚೆ ಬದಿಗೆ ಅವಳು ಅಂಪೈರ್, ಈಚೆ ಬದಿಗೆ ನಾನು. ನಾನು ಬೋನಸ್ ಎಂದೆ, ಅವಳು ಇಲ್ಲ ಎಂದಳು. ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡೇ ಬಂದಳು: "ಗೆರೆ ದಾಟಿದ್ದು ನಿಜ ಕಣೇ, ಇನ್ನೊಂದು ಕಾಲು ನೆಲದ ಮೇಲೇ ಇತ್ತಲ್ಲ!" ಆ ಕಾಲು ಎಲ್ಲಿತ್ತೆಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಹಳೆಯದನ್ನೆಲ್ಲ ಮರೆತುಬಿಡಿ ಎಂದು ಸಿನಿಮಾದವರು ಹೇಳುತ್ತಾರೆ. ನಾವು ಮರೆಯಲಿಲ್ಲ. ಆಯ್ಕೆ ಪಟ್ಟಿಯ ದಿನದಿಂದ ಹಿಡಿದು ಒಂದೊಂದನ್ನೂ ಎತ್ತಿ ಮಾತಾಡಿದೆವು, ಅತ್ತೆವು, ಜಗಳವಾಡಿದೆವು. ಅದು ಮುಗಿದ ಮೇಲೆಯೇ ಅವಳು ವರ್ಗ ಮಾಡಿಸಿಕೊಂಡು ಮೈಸೂರಿಗೆ ಬಂದದ್ದು. ಪಾಯಿಂಟ್ ಎಣಿಸುವ ಚಾಳಿ ಮಾತ್ರ ಇಬ್ಬರಿಗೂ ಹೋಗಿಲ್ಲ. ಪಾತ್ರೆ ಯಾರು ತೊಳೆದರು, ಗ್ಯಾಸ್ ಯಾರು ಬುಕ್ ಮಾಡಿದರು, ಎಲ್ಲಕ್ಕೂ ಲೆಕ್ಕ. ಆದರೆ ಎದುರಾಳಿಯಷ್ಟು ಗಮನವಿಟ್ಟು ನೋಡುವವರು ಬೇರೆ ಯಾರಿದ್ದಾರೆ? ಅವಳ ಮೊಣಕಾಲು ಕೆಟ್ಟಿದೆಯೆಂದು ಅವಳು ಬಾಯಿಬಿಡುವ ಮೊದಲೇ, ಮೆಟ್ಟಿಲಿಳಿಯುವ ರೀತಿಯಲ್ಲೇ ನನಗೆ ತಿಳಿಯಿತು.

ಆಪರೇಷನ್ನಿಗೆ ಹೋದಾಗ ಕೌಂಟರಿನಲ್ಲಿ ಕೇಳಿದರು, "ನೀವು ಪೇಷೆಂಟಿಗೆ ಏನಾಗಬೇಕು?" ಅವಳು ಥಟ್ಟನೆ "ಅಕ್ಕ" ಎಂದಳು. ವಯಸ್ಸಿನಲ್ಲಿ ನಾನು ಚಿಕ್ಕವಳು. ರಾತ್ರಿ ವಾರ್ಡಿನಲ್ಲಿ ಇಬ್ಬರೂ ಅದಕ್ಕೆ ನಕ್ಕೆವು, ಆಮೇಲೆ ನಗು ಬರಲಿಲ್ಲ. ಮೊದಲ ಸಲ ನಮ್ಮನ್ನು ಬೇರೆ ಮಾಡಿದ್ದು ಇಂಥದ್ದೇ ಮುಚ್ಚುಮರೆ. ಆವತ್ತೇ ತೀರ್ಮಾನ ಮಾಡಿದೆವು, ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಾದರೂ ಬರೆದಿಡಬೇಕು.

ಮದುವೆಯ ಹಕ್ಕನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಆದರೆ ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ನಾವು ಎರಡನ್ನೂ ಮಾಡಿಸಿದ್ದೇವೆ. ಉಯಿಲನ್ನೂ ಬರೆದಿದ್ದೇವೆ, ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ. ನಮ್ಮ ಹಾಗೆ ಜೊತೆಗೆ ಬಾಳುತ್ತಿರುವವರು ಆಸ್ಪತ್ರೆಯ ಕೌಂಟರಿನ ತನಕ ಕಾಯಬೇಡಿ, ಈ ತಿಂಗಳೇ ಬ್ಯಾಂಕಿಗೆ ಹೋಗಿ ಬನ್ನಿ.