ಕಾರ್ಬ್ಯುರೇಟರ್ ಬೈಕಿಗೆ ಹದವಾದ ಮಿಶ್ರಣ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಯಂತಹ ಹಳೆಯ ಬೈಕುಗಳಲ್ಲಿ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಕಳುಹಿಸುವ ಸಾಧನವೇ ಕಾರ್ಬ್ಯುರೇಟರ್ ಆಗಿದ್ದು, ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತದೆ. ಪೆಟ್ರೋಲಿನ ಪಾಲು ಮಿತಿಮೀರಿದರೆ, ಅಂದರೆ ಮಿಶ್ರಣ ‘ರಿಚ್’ ಆದರೆ, ಸ್ಪಾರ್ಕ್ ಪ್ಲಗ್ಗಿನ ತುದಿಗೆ ಕಪ್ಪು ಮಸಿ ಹಿಡಿಯುತ್ತದೆ. ತಗ್ಗಿ ‘ಲೀನ್’ ಆದರೆ ತುದಿ ಬಿಳಿಚಿಕೊಂಡು ಎಂಜಿನ್ ಅತಿಯಾಗಿ ಕಾಯುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವ ಸಂಭವವಿರುತ್ತದೆ.

ಏರ್ ಫಿಲ್ಟರ್ ಶುಚಿಯಾಗಿದೆಯೇ, ಕಾರ್ಬ್ಯುರೇಟರಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ಎಂಬುದನ್ನು ಮೊದಲು ನೋಡಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೊಂದಾಣಿಕೆಗೆ ಕೈಹಾಕುವುದು ಉಚಿತ. ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ ಹೋಗಿ, ಐಡ್ಲಿಂಗ್, ಎಂದರೆ ಆಕ್ಸಿಲರೇಟರ್ ಕೊಡದಿರುವಾಗಿನ ಎಂಜಿನ್ ಓಟ, ಅತ್ಯಂತ ವೇಗವೂ ಸಮವೂ ಆಗುವ ಜಾಗದಲ್ಲಿ ನಿಲ್ಲಿಸಿ, ಆ ಬಳಿಕ ಐಡ್ಲಿಂಗ್ ಸ್ಕ್ರೂವಿನಿಂದ ವೇಗವನ್ನು ತಗ್ಗಿಸಬೇಕು. ಮಿಶ್ರಣದ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಸಾಮಾನ್ಯವಾಗಿ ಗಾಳಿಯನ್ನು ನಿಯಂತ್ರಿಸುವುದರಿಂದ, ಒಳಕ್ಕೆ ತಿರುಗಿಸಿದಂತೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ನಿನ ಕಡೆಗಿದ್ದರೆ ಕಡಿಮೆಯಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಸ್ಕ್ರೂ ಮುಟ್ಟುವುದು ಸಲ್ಲದು. ಒಳಕ್ಕೆ ಬಲವಾಗಿ ಬಿಗಿದರೆ ಅದರ ಮೊನೆಯೇ ಹಾಳಾಗುತ್ತದೆ.

ಈ ಸ್ಕ್ರೂವಿನ ಪ್ರಭಾವವಾದರೋ ಐಡ್ಲಿಂಗ್ ಮತ್ತು ಅದರ ಆಸುಪಾಸಿಗೆ ಸೀಮಿತವಾದುದು. ವೇಗದ ಓಟದಲ್ಲಿ ಪ್ಲಗ್ ಬಿಳಿಚುತ್ತಿದ್ದರೆ, ಆ ಸ್ಕ್ರೂವನ್ನೇ ತಿರುಗಿಸುತ್ತ ಕೂರದೆ, ಕಾರ್ಬ್ಯುರೇಟರಿನೊಳಗೆ ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ ಜೆಟ್ ಮತ್ತು ಸೂಜಿಯನ್ನು ನುರಿತ ಮೆಕ್ಯಾನಿಕ್‌ಗೆ ತೋರಿಸಬೇಕು.