ಲಿಂಕ್‌ ಮೇಲೆ ಏನು ಬರೆಯಬೇಕು?

ಪ್ರಶ್ನೆ: ಇಳಕಲ್ ಸೀರೆ ಮಾರುವ ಜಾಲತಾಣದ ಲಿಂಕ್‌ಗಳಲ್ಲೆಲ್ಲ ‘ಇಲ್ಲಿ ಕ್ಲಿಕ್ ಮಾಡಿ’ ಎಂದೇ ಇದೆ. ಒಳಪುಟಗಳು ಗೂಗಲ್‌ನಲ್ಲಿ ಸಿಗುತ್ತಿಲ್ಲ. ಪದ ಬದಲಿಸಿದರೆ ಸಾಕೇ?

ಉತ್ತರ: ಲಿಂಕ್‌ನ ಪಠ್ಯ ಅದು ತೆರೆಯುವ ಪುಟದ ನಾಮಫಲಕ. ಪುಟದಲ್ಲಿ ಏನಿದೆ ಎಂದು ಗ್ರಾಹಕರೂ ಗೂಗಲ್ಲೂ ಅಂದಾಜಿಸಲು ಅದು ನೆರವಾಗುತ್ತದೆ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ಯಾರಿಗೂ ಏನೂ ಹೇಳದು. ಸ್ಕ್ರೀನ್ ರೀಡರ್ ಬಳಸುವ ಅಂಧರಿಗಂತೂ ಲಿಂಕ್‌ಗಳ ಪಟ್ಟಿ ತೆರೆದರೆ ಅದೇ ಮಾತು ಮತ್ತೆ ಮತ್ತೆ ಕೇಳಿಸುತ್ತದೆ.

‘ಗೋಮಿ ದಡಿಯ ಇಳಕಲ್ ಸೀರೆಗಳು’, ‘ಸೀರೆ ಹಿಂತಿರುಗಿಸುವ ನಿಯಮ’ ಎಂಬಂತೆ, ಸುತ್ತಲಿನ ವಾಕ್ಯವಿಲ್ಲದೆಯೂ ಅರ್ಥವಾಗುವ ಕೆಲವೇ ಪದ ಸಾಕು. ಇಡೀ ವಾಕ್ಯಕ್ಕೆ ಲಿಂಕ್ ಬೇಡ. ಚಿತ್ರವೇ ಲಿಂಕ್ ಆಗಿದ್ದರೆ ಅದನ್ನು ವಿವರಿಸಲು ಕೋಡ್‌ನಲ್ಲಿ ಬರೆಯುವ ಆಲ್ಟ್ ಪಠ್ಯವನ್ನೇ ಗೂಗಲ್ ಲಿಂಕ್ ಪಠ್ಯವಾಗಿ ಓದುತ್ತದೆ. ಫೋಟೊಗಳೇ ತುಂಬಿದ ಸೀರೆ ತಾಣದಲ್ಲಿ ಮೊದಲು ಸರಿಪಡಿಸಬೇಕಾದದ್ದು ಬಹುಶಃ ಇದನ್ನೇ.

ಅತಿಯೂ ಅಪಾಯ. ‘ಅಗ್ಗದ ಇಳಕಲ್ ಸೀರೆ’ ಎಂದು ಎಲ್ಲೆಡೆ ತುರುಕುವುದು, ದುಡ್ಡು ಕೊಟ್ಟು ಬೇರೆ ತಾಣಗಳಲ್ಲಿ ಅದೇ ಪದಗಳ ಲಿಂಕ್ ಹಾಕಿಸುವುದು ಕೂಡದು. ಇಂಥ ತಂತ್ರಗಳನ್ನು ಹತ್ತಿಕ್ಕಲೆಂದೇ ಗೂಗಲ್ 2012ರಲ್ಲಿ ಪೆಂಗ್ವಿನ್ ಪರಿಷ್ಕರಣೆ ತಂದಿತು. ಲಿಂಕ್ ಹಾಕಿಸಿಕೊಡುತ್ತೇವೆ ಎಂದು ಫೋನ್ ಮಾಡುವವರಿಂದ ದೂರವಿರುವುದೇ ಲೇಸು.

ಪದ ಬದಲಿಸಿದ ಮಾತ್ರಕ್ಕೆ ಪುಟ ಮೇಲೇರುತ್ತದೆ ಎಂಬ ಖಾತರಿಯಿಲ್ಲ. ಪುಟವನ್ನು ಗೂಗಲ್ ತನ್ನ ಸೂಚಿಯಲ್ಲಿ ಸೇರಿಸಿಕೊಂಡಿದೆಯೇ ಎಂದು ಅದರದೇ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಮೊದಲು ನೋಡಬೇಕು. ಸೇರಿರದಿದ್ದರೆ ಕಾರಣವೂ ಅಲ್ಲೇ ಕಾಣುತ್ತದೆ. ಅದು ತಾಂತ್ರಿಕ ದೋಷವಾಗಿದ್ದರೆ ತಾಣ ಕಟ್ಟಿದವರಿಗೆ ತೋರಿಸಬೇಕು. ‘ಮ್ಯಾನುಯಲ್ ಆಕ್ಷನ್’ (ನಿಯಮ ಮುರಿದುದಕ್ಕೆ ಗೂಗಲ್ ಸಿಬ್ಬಂದಿ ಕೈಗೊಳ್ಳುವ ಕ್ರಮ) ಸೂಚನೆ ಬಂದಿದ್ದರೆ ಅನುಭವಿ ಎಸ್‌ಇಒ (ಹುಡುಕಾಟದಲ್ಲಿ ತಾಣ ಮೇಲೆ ಬರುವಂತೆ ಮಾಡುವ) ತಜ್ಞರ ನೆರವು ಪಡೆಯುವುದು ಒಳ್ಳೆಯದು.