ಅರ್ಧಕ್ಕಿಂತ ಒಂದು ಹೆಚ್ಚು: 1839ರ ಮ್ಯಾಸಚೂಸೆಟ್ಸ್ ಚುನಾವಣೆಯ ಪರಿಶೀಲನೆ

‘ಬಹುಮತ’ ಎಂಬ ಶಬ್ದವನ್ನು ನಾವು ದಿನಂಪ್ರತಿ ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ. ತರಗತಿಯಲ್ಲಿ ಪೌರನೀತಿಯ ಪಾಠ ಹೇಳುವಾಗ ನಿಸ್ಸಂಕೋಚವಾಗಿ ಬಳಸುತ್ತೇವೆ. ಸಂಸ್ಕೃತದಲ್ಲಿ ಈ ಸಮಾಸಕ್ಕೆ ಇದ್ದ ಅರ್ಥವೇ ಬೇರೆ. ಅಲ್ಲಿ ‘ಬಹುಮತ’ನೆಂದರೆ ಬಹುವಾಗಿ ಮನ್ನಣೆಗೊಂಡವನು, ಆದರಣೀಯನು. ‘ಬಹುಮಾನ’ ಎಂಬುದೂ ಅದೇ ಧಾತುವಿನಿಂದ ಹುಟ್ಟಿದ ಮಾತು. ಶಬ್ದಗಳು ಕಾಲಾನುಗುಣವಾಗಿ ಅರ್ಥಾಂತರ ಹೊಂದುವುದು ಭಾಷಾಸಹಜವಾದುದರಿಂದ ಅದಕ್ಕೆ ಆಕ್ಷೇಪವಿಲ್ಲ. ತೊಡಕಿರುವುದು ಇನ್ನೊಂದೆಡೆ. ಸ್ಪರ್ಧಿಸಿದವರ ಪೈಕಿ ಒಬ್ಬನಿಗೆ ಉಳಿದೆಲ್ಲರಿಗಿಂತ ಹೆಚ್ಚು ಮತಗಳು ಬಂದರೂ ನಾವು ಅದನ್ನು ಬಹುಮತವೆನ್ನುತ್ತೇವೆ. ಚಲಾವಣೆಯಾದ ಒಟ್ಟು ಮತಗಳಲ್ಲಿ ಅರ್ಧವನ್ನು ಮೀರಿ ಬಂದರೂ ಬಹುಮತವೆಂದೇ ಅನ್ನುತ್ತೇವೆ. ಇವೆರಡೂ ಒಂದಲ್ಲ. ಈ ಲೇಖನದ ಮಟ್ಟಿಗೆ ಮೊದಲನೆಯದನ್ನು ‘ಅಧಿಕಮತ’ವೆಂದೂ ಎರಡನೆಯದನ್ನು ‘ಅರ್ಧಾಧಿಕಮತ’ವೆಂದೂ ಕರೆಯೋಣ. ಈ ಭೇದವನ್ನು ಗಮನಿಸದೆ ಹೋದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1839ರಲ್ಲಿ ನಡೆದ ಗವರ್ನರ್ ಚುನಾವಣೆಯ ಸ್ವಾರಸ್ಯವು ಕೈಗೆ ಸಿಗುವುದಿಲ್ಲ. ‘ಒಂದೇ ಮತದಿಂದ ಗೆದ್ದ ಚುನಾವಣೆ’ ಎಂದು ಅದು ಪ್ರಸಿದ್ಧವಾಗಿದೆ. ಆ ಒಂದು ಮತವು ಯಾವ ಲೆಕ್ಕದ್ದೆಂಬುದೇ ವಿಚಾರಣೀಯ.

ಅಲ್ಲಿಯ ಗವರ್ನರನು ನಮ್ಮ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕಗೊಂಡವನಲ್ಲ. ಪ್ರಜೆಗಳಿಂದ ನೇರವಾಗಿ ಚುನಾಯಿತನಾಗಿ ರಾಜ್ಯದ ಕಾರ್ಯಾಂಗವನ್ನು ತಾನೇ ನಡೆಸುವವನು. ಆ ಕಾಲದಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಗವರ್ನರನ ಅವಧಿ ಕೇವಲ ಒಂದು ವರ್ಷ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಚುನಾವಣೆ, ಜನವರಿಯಲ್ಲಿ ಅಧಿಕಾರ ಸ್ವೀಕಾರ. 1780ರ ರಾಜ್ಯಸಂವಿಧಾನದ ಪ್ರಕಾರ ಗೆಲ್ಲುವವನಿಗೆ ಅರ್ಧಾಧಿಕಮತ ಬೇಕು. ಯಾರಿಗೂ ಅದು ದೊರೆಯದಿದ್ದರೆ, ಹೆಚ್ಚು ಮತ ಪಡೆದ ನಾಲ್ವರಲ್ಲಿ ಇಬ್ಬರನ್ನು ಕೆಳಮನೆಯು ಆರಿಸಿ ಮೇಲ್ಮನೆಗೆ ಕಳುಹಿಸಬೇಕು. ಮೇಲ್ಮನೆಯು ಆ ಇಬ್ಬರಲ್ಲಿ ಒಬ್ಬನನ್ನು ಗವರ್ನರನನ್ನಾಗಿ ಆರಿಸಬೇಕು. ತೆರಿಗೆ ಕಟ್ಟಿದ ವಯಸ್ಕ ಪುರುಷರಿಗೆ ಮಾತ್ರ ಮತದ ಹಕ್ಕು, ಸ್ತ್ರೀಯರಿಗೆ ಇರಲಿಲ್ಲ.

1839ರ ಕಣದಲ್ಲಿದ್ದ ಇಬ್ಬರು ಪ್ರಮುಖರ ಸ್ವಭಾವಭೇದವು ಕುತೂಹಲಕರವಾದುದು. ಅಧಿಕಾರದಲ್ಲಿದ್ದವನು ವಿಗ್ ಪಕ್ಷದ ಎಡ್ವರ್ಡ್ ಎವೆರೆಟ್ (1794–1865). ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಬಾಸ್ಟನ್ನಿನ ಪ್ರತಿಷ್ಠಿತ ಚರ್ಚೊಂದರ ಧರ್ಮೋಪದೇಶಕನಾದವನು. ಬಳಿಕ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1817ರಲ್ಲಿ ಡಾಕ್ಟರೇಟ್ ಪಡೆದು, ಹಾರ್ವರ್ಡ್ ವಿದ್ಯಾಪೀಠದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾದವನು. ವಾಗ್ಮಿತೆಯಲ್ಲಿ ಅವನಿಗೆ ಸರಿಸಮಾನರು ಆ ದೇಶದಲ್ಲಿ ವಿರಳ. ಸಂಸ್ಕೃತದ ಹಳೆಯ ಅರ್ಥದಲ್ಲಿ ಅವನು ನಿಶ್ಚಯವಾಗಿಯೂ ‘ಬಹುಮತ’ನೇ. ಎದುರಾಳಿ ಡೆಮೊಕ್ರಾಟಿಕ್ ಪಕ್ಷದ ಮಾರ್ಕಸ್ ಮಾರ್ಟನ್ (1784–1864). ಟಾಂಟನ್ ಊರಿನ ವಕೀಲನಾಗಿದ್ದು 1825ರಿಂದ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವನು. ನ್ಯಾಯಪೀಠದಲ್ಲಿ ಕುಳಿತಿದ್ದುಕೊಂಡೇ 1828ರಿಂದ ವರ್ಷ ವರ್ಷವೂ ಗವರ್ನರ್ ಪದವಿಗೆ ಅಭ್ಯರ್ಥಿಯಾಗಿ ನಿಂತು, ವರ್ಷ ವರ್ಷವೂ ಸೋಲುತ್ತಿದ್ದನು. ನ್ಯಾಯಾಧೀಶನು ಚುನಾವಣೆಗೆ ನಿಲ್ಲುವುದು ನಮಗೆ ವಿಚಿತ್ರವಾಗಿ ಕಂಡೀತು. ಅಲ್ಲಿ ಅದಕ್ಕೆ ಆಗ ಅಡ್ಡಿಯಿರಲಿಲ್ಲ. ಎವೆರೆಟ್ಟನೊಬ್ಬನಿಂದಲೇ 1835ರಿಂದ 1838ರವರೆಗೆ ನಾಲ್ಕು ಸಲ ಪರಾಜಯ. ಸೋತವನ ಸ್ಥೈರ್ಯಕ್ಕೆ ಇಂತಹ ನಿದರ್ಶನ ಅಪೂರ್ವ.

ಎವೆರೆಟ್ಟನ ಆಡಳಿತದಲ್ಲಿ ಶಿಕ್ಷಣಕ್ಷೇತ್ರಕ್ಕೆ ಸಂದ ಸೇವೆ ಚಿರಸ್ಮರಣೀಯ. 1837ರಲ್ಲಿ ರಾಜ್ಯ ಶಿಕ್ಷಣ ಮಂಡಳಿ ಸ್ಥಾಪನೆಯಾಗಿ ಹೊರೇಸ್ ಮ್ಯಾನ್ ಎಂಬ ಮಹನೀಯನು ಅದರ ಕಾರ್ಯದರ್ಶಿಯಾದನು. ಉಪಾಧ್ಯಾಯರಿಗೆ ಶಿಕ್ಷಣ ಕೊಡದೆ ಶಾಲೆಗಳು ಸುಧಾರಿಸಲಾರವೆಂಬುದು ಅವನ ದೃಢನಿಶ್ಚಯ. 1838ರಲ್ಲಿ ಬಾಸ್ಟನ್ನಿನ ವರ್ತಕ ಎಡ್ಮಂಡ್ ಡ್ವೈಟ್ ಎಂಬಾತನು ಮೊದಲಿಗೆ ತನ್ನ ಹೆಸರನ್ನು ಹೊರಗೆಡಹದೆ 10,000 ಡಾಲರುಗಳನ್ನು ಕೊಡಲು ಮುಂದಾದನು. ಸರ್ಕಾರವೂ ಅಷ್ಟೇ ಮೊತ್ತವನ್ನು ಸೇರಿಸಬೇಕೆಂಬುದು ಅವನ ಕರಾರು. ಶಾಸನಸಭೆ ಒಪ್ಪಿತು, ಗವರ್ನರನು ಅಂಕಿತ ಹಾಕಿದನು. 1839ರ ಜುಲೈ 3ರಂದು ಲೆಕ್ಸಿಂಗ್ಟನ್ನಿನಲ್ಲಿ ಉಪಾಧ್ಯಾಯರ ಶಿಕ್ಷಣ ಶಾಲೆ ಆರಂಭವಾಯಿತು. ಅಮೆರಿಕದಲ್ಲಿ ಸರ್ಕಾರದ ಆಶ್ರಯದ ಇಂತಹ ಶಾಲೆಗಳಲ್ಲಿ ಅದೇ ಮೊದಲನೆಯದು. ಆ ದಿನ ಮುಖ್ಯೋಪಾಧ್ಯಾಯ ಸೈರಸ್ ಪಿಯರ್ಸನ ಮುಂದೆ ಬಂದು ಕುಳಿತ ವಿದ್ಯಾರ್ಥಿನಿಯರು ಕೇವಲ ಮೂವರು.

ಇಷ್ಟೆಲ್ಲ ಮಾಡಿದವನು ಸೋತದ್ದೇಕೆ? ಅದೇ 1838ರಲ್ಲಿ ಅವನು ಅಂಕಿತ ಹಾಕಿದ ಇನ್ನೊಂದು ಶಾಸನವೇ ಮುಖ್ಯ ಕಾರಣ. 15 ಗ್ಯಾಲನ್ನಿಗಿಂತ, ಅಂದರೆ ಸುಮಾರು 57 ಲೀಟರಿಗಿಂತ, ಕಡಮೆ ಪ್ರಮಾಣದಲ್ಲಿ ಮದ್ಯಸಾರವನ್ನು ಮಾರಕೂಡದು. ಕೊಂಡವನು ಅಷ್ಟನ್ನೂ ಒಂದೇ ಸಲಕ್ಕೆ ಒಯ್ಯಬೇಕು ಎಂದು ಅದು ವಿಧಿಸಿತು. ಔಷಧಕ್ಕೆ ಮಾತ್ರ ರಿಯಾಯಿತಿ. ಪಾನನಿರೋಧವಾದಿಗಳು ಸದುದ್ದೇಶದಿಂದಲೇ ಇದನ್ನು ತಂದರು. ಆದರೆ ಪೀಪಾಯಿಗಟ್ಟಲೆ ಕೊಳ್ಳಬಲ್ಲ ಶ್ರೀಮಂತನ ನೆಲಮಾಳಿಗೆಯನ್ನು ಶಾಸನವು ಮುಟ್ಟಲಿಲ್ಲ. ಬಟ್ಟಲಿನ ಲೆಕ್ಕದಲ್ಲಿ ಕುಡಿಯುವ ಕೂಲಿಕಾರನನ್ನು ಮಾತ್ರ ಹಿಡಿಯಿತು. ಮದ್ಯಪಾನದ ವಿರುದ್ಧ ನನಗೆ ಎಳ್ಳಷ್ಟೂ ಸಂದೇಹವಿಲ್ಲದಿದ್ದರೂ, ಪಕ್ಷಪಾತವಿರುವ ಶಾಸನವು ಸದಾಚಾರವನ್ನು ಬೆಳೆಸಲಾರದೆಂದೇ ಹೇಳಬೇಕಾಗಿದೆ. ಜನರು ಅದನ್ನು ಪರಿಹಾಸದಿಂದಲೇ ಎದುರಿಸಿದರು. ಡೆಡ್‌ಹ್ಯಾಮ್ ಎಂಬಲ್ಲಿ ನಾಗರಿಕ ದಳದ ಕವಾಯತಿನ ದಿನ ಒಬ್ಬ ಚತುರನು ಹಂದಿಯೊಂದಕ್ಕೆ ಪಟ್ಟೆ ಪಟ್ಟೆಯಾಗಿ ಬಣ್ಣ ಬಳಿದು ಡೇರೆಯೊಳಗೆ ಕಟ್ಟಿದನು. ಈ ಅದ್ಭುತ ಪ್ರಾಣಿಯನ್ನು ನೋಡಲು ಕೆಲವು ಸೆಂಟುಗಳ ಶುಲ್ಕ. ಶುಲ್ಕ ಕೊಟ್ಟು ಒಳಹೊಕ್ಕವನಿಗೆ ಒಂದು ಬಟ್ಟಲು ಮದ್ಯ ಉಚಿತ! ಮಾರಾಟವೇ ನಡೆಯಲಿಲ್ಲವೆಂದ ಮೇಲೆ ಶಾಸನಭಂಗವೆಲ್ಲಿ? ‘ಪಟ್ಟೆಹಂದಿ’ ಎಂಬ ಮಾತು ರಾಜ್ಯದ ತುಂಬ ಹರಡಿತು.

ಇನ್ನು ಎಣಿಕೆಯ ವಿಚಾರ. ಒಟ್ಟು ಚಲಾವಣೆಯಾದ ಮತಗಳು 1,02,066. ಮಾರ್ಟನ್ನನಿಗೆ ಬಂದುವು 51,034; ಎವೆರೆಟ್ಟನಿಗೆ 50,725; ಅಲ್ಲಲ್ಲಿ ಇತರರ ಹೆಸರಿಗೆ ಚದುರಿದುವು 307. ಇಬ್ಬರ ನಡುವಿನ ಅಂತರವು 309. ಹೀಗಿರುವಾಗ ‘ಒಂದು ಮತದ ಗೆಲುವು’ ಎಲ್ಲಿಂದ ಬಂತು? ಇಲ್ಲಿಯೇ ಅಧಿಕಮತ, ಅರ್ಧಾಧಿಕಮತಗಳ ವಿವೇಚನೆ ಅಗತ್ಯ. ಒಟ್ಟಿನ ಅರ್ಧ 51,033. ಅದಕ್ಕಿಂತ ಹೆಚ್ಚೆನ್ನಿಸಿಕೊಳ್ಳುವ ಅತ್ಯಲ್ಪ ಸಂಖ್ಯೆ 51,034. ಮಾರ್ಟನ್ನನಿಗೆ ಬಂದದ್ದು ಅಷ್ಟೇ, ಒಂದೂ ಹೆಚ್ಚಿಲ್ಲ. ನಮ್ಮ ಕರ್ನಾಟಕದ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣರು 40,752 ಮತ ಪಡೆದು, 40,751 ಪಡೆದ ಎದುರಾಳಿಯನ್ನು ಸೋಲಿಸಿದ್ದು ವಾಚಕರಿಗೆ ನೆನಪಿರಬಹುದು. ಅದು ಅಧಿಕಮತದ ಒಂದು. ಇದು ಅರ್ಧಾಧಿಕಮತದ ಒಂದು.

ಗಣಿತಾಸಕ್ತರಾದ ಉಪಾಧ್ಯಾಯ ಮಿತ್ರರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮಾರ್ಟನ್ನನ ಪಕ್ಷದ ಒಬ್ಬ ಮತದಾರನು ಆ ದಿನ ಮನೆಯಲ್ಲಿಯೇ ಉಳಿದಿದ್ದರೆ ಏನಾಗುತ್ತಿತ್ತು? ಒಟ್ಟು 1,02,065, ಅವನಿಗೆ 51,033. ಅರ್ಧವೆಂಬುದು 51,032½ ಆದುದರಿಂದ ಆಗಲೂ ಅವನೇ ಗೆಲ್ಲುತ್ತಿದ್ದನು! ಇಬ್ಬರು ಉಳಿದಿದ್ದರೆ ಮಾತ್ರ ಒಟ್ಟು 1,02,064ರಲ್ಲಿ 51,032, ಅಂದರೆ ಸರಿಯಾಗಿ ಅರ್ಧವಾಗಿ, ಗೆಲುವು ಕೈತಪ್ಪುತ್ತಿತ್ತು. ವಿಗ್ ಪಕ್ಷದವರು ಒಬ್ಬರಲ್ಲ, ಇಬ್ಬರು ಹೆಚ್ಚಾಗಿ ಬಂದಿದ್ದರೂ ಹಾಗೆಯೇ. ಆದರೆ ಮತ ಹಾಕಿದವರಲ್ಲಿಯೇ ಒಬ್ಬನು ಮನಸ್ಸು ಬದಲಿಸಿ ಮಾರ್ಟನ್ನನನ್ನು ಬಿಟ್ಟು ಇನ್ನೊಬ್ಬನ ಹೆಸರನ್ನು ಬರೆದಿದ್ದರೆ, ಆ ಒಬ್ಬನಿಂದಲೇ ಎಲ್ಲವೂ ತಿರುವುಮುರುವಾಗುತ್ತಿತ್ತು. ‘ಒಂದು ಮತ’ ಎಂಬ ಪ್ರತೀತಿಯು ಬದಲಾದ ಮತಕ್ಕೆ ಸಲ್ಲುತ್ತದೆ, ಬಾರದ ಮತಕ್ಕೆ ಸಲ್ಲುವುದಿಲ್ಲ.

ಅರ್ಧಾಧಿಕ್ಯ ತಪ್ಪಿದ್ದರೆ ಆಯ್ಕೆಯು ಶಾಸನಸಭೆಗೆ ಹೋಗುತ್ತಿತ್ತು. ಅಲ್ಲಿ ವಿಗ್ ಪಕ್ಷದವರದೇ ಪ್ರಾಬಲ್ಯ. ಎಣಿಕೆಯನ್ನು ಪರಿಶೀಲಿಸುವ ಅಧಿಕಾರವೂ ಅದೇ ಸಭೆಯದು. ಒಂದು ಮತಪತ್ರವನ್ನು ಹೇಗಾದರೂ ಅಸಿಂಧುವೆನ್ನಿಸಿದ್ದರೆ ಪ್ರಯೋಜನವಾಗುತ್ತಿರಲಿಲ್ಲವೆಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ಆದರೆ ಎರಡು ಸಾಕಾಗಿತ್ತು. ಲಕ್ಷ ಚೀಟಿಗಳಲ್ಲಿ ಎರಡಕ್ಕೆ ದೋಷ ಹುಡುಕುವುದು ಪಕ್ಷಾವೇಶದವರಿಗೆ ಕಷ್ಟವೇ? ತಕರಾರು ಹೂಡಬೇಕೆಂದು ಸ್ವಪಕ್ಷೀಯರು ಒತ್ತಾಯಿಸಿದರೂ ಎವೆರೆಟ್ಟನು ಒಪ್ಪಲಿಲ್ಲ. 1840ರ ಜನವರಿಯಲ್ಲಿ ಮಾರ್ಟನ್ನನೇ ಚುನಾಯಿತನೆಂದು ಆ ವಿಗ್ ಸಭೆಯೇ ಘೋಷಿಸಿತು. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಎರಡು ಗಂಟೆಗಳ ಕಾಲ ಮಾತನಾಡಿದವನು ಈ ಎವೆರೆಟ್ಟನೇ. ಅನಂತರ ಕೆಲವೇ ನಿಮಿಷ ಮಾತನಾಡಿದ ಲಿಂಕನ್ನನಿಗೆ ಮರುದಿನ ತಾನೇ ಪತ್ರ ಬರೆದು, ಆ ಕಿರುಭಾಷಣವು ತನ್ನ ದೀರ್ಘಭಾಷಣಕ್ಕಿಂತ ಮಿಗಿಲೆಂಬ ಅಭಿಪ್ರಾಯವನ್ನು ತಿಳಿಸಿದನು.

ಮಾರ್ಟನ್ನನ ಪದವಿ ನಿಷ್ಕಂಟಕವಾಗಿರಲಿಲ್ಲ. ಶಾಸನಸಭೆ ವಿಗ್ ಪಕ್ಷದ್ದು, ಉಪಗವರ್ನರನೂ ಅದೇ ಪಕ್ಷದವನು. ಹದಿನೈದು ಗ್ಯಾಲನ್ನಿನ ಶಾಸನವಂತೂ 1840ರಲ್ಲಿ ರದ್ದಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಸೋತು, 1841ರಲ್ಲಿಯೂ ಸೋತು, 1842ರಲ್ಲಿ ಯಾರಿಗೂ ಅರ್ಧಾಧಿಕಮತ ಬಾರದೆ ಶಾಸನಸಭೆಯ ಆಯ್ಕೆಯಿಂದ ಮತ್ತೊಂದು ವರ್ಷದ ಅಧಿಕಾರವನ್ನು ಅವನು ಪಡೆದನು. ಈ ನಿಯಮವನ್ನು 1855ರ ತಿದ್ದುಪಡಿಯು ತೆಗೆದುಹಾಕಿತು. ಅಂದಿನಿಂದ ಅಲ್ಲಿ ಅಧಿಕಮತವೇ ಸಾಕು.

ಆದರೆ ಉಪಾಧ್ಯಾಯರಾದ ನಮಗೆ ಹೆಚ್ಚು ಮುಖ್ಯವಾದುದು 1840ರ ಮಾರ್ಚ್ ತಿಂಗಳ ಘಟನೆ. ಮಿತವ್ಯಯದ ಗಾಳಿ ಬೀಸುತ್ತಿದ್ದ ಆ ಹೊತ್ತಿನಲ್ಲಿ ಕೆಳಮನೆಯ ಶಿಕ್ಷಣ ಸಮಿತಿಯ ಹೆಚ್ಚಿನ ಸದಸ್ಯರು ಒಂದು ವರದಿಯನ್ನು ಮಂಡಿಸಿದರು: ಶಿಕ್ಷಣ ಮಂಡಳಿಯನ್ನು ರದ್ದುಪಡಿಸಬೇಕು, ಉಪಾಧ್ಯಾಯರನ್ನು ತಯಾರಿಸಲು ಪ್ರತ್ಯೇಕ ಶಾಲೆ ಅನಾವಶ್ಯಕ, ಡ್ವೈಟನ ಹಣವನ್ನು ಹಿಂದಿರುಗಿಸಬೇಕು. ಒಂದು ವರ್ಷವೂ ತುಂಬದ ಲೆಕ್ಸಿಂಗ್ಟನ್ ಶಾಲೆಯ ಆಯುಸ್ಸು ಮುಗಿಯಿತೆಂದೇ ತೋರುತ್ತಿತ್ತು. ಮತಕ್ಕೆ ಹಾಕಿದಾಗ ರದ್ದತಿಯ ಪರವಾಗಿ 182, ವಿರೋಧವಾಗಿ 245 ಮತಗಳು ಬಂದುವು. ಮೂವರು ವಿದ್ಯಾರ್ಥಿನಿಯರಿಂದ ಮೊದಲಾದ ಆ ಶಾಲೆಯು 1844ರಲ್ಲಿ ವೆಸ್ಟ್ ನ್ಯೂಟನ್ನಿಗೂ 1853ರಲ್ಲಿ ಫ್ರೇಮಿಂಗ್‌ಹ್ಯಾಮಿಗೂ ಸ್ಥಳಾಂತರಗೊಂಡು, ಇಂದು ಫ್ರೇಮಿಂಗ್‌ಹ್ಯಾಮ್ ರಾಜ್ಯ ವಿಶ್ವವಿದ್ಯಾಲಯವೆಂಬ ಹೆಸರಿನಿಂದ ನಡೆಯುತ್ತಿದೆ.